ಆಲ್ಫ್ರೆಡ್ ಚಾಟರ್ಟನ್

ಸರ್ ಆಲ್ಫ್ರೆಡ್ ಚಾಟರ್ಟನ್ (1866–1958) ಬ್ರಿಟಿಷ್ ಎಂಜಿನಿಯರ್, ಪ್ರಾಧ್ಯಾಪಕ ಹಾಗೂ ಕೈಗಾರಿಕಾ ಆಡಳಿತಗಾರ. ದಕ್ಷಿಣ ಭಾರತದಲ್ಲಿ ಅಲ್ಯೂಮಿನಿಯಂ ಪಾತ್ರೆಗಳ ತಯಾರಿಕೆ, ಬಾವಿಗಳಿಗೆ ಎಣ್ಣೆ ಎಂಜಿನ್‌ನ ಪಂಪು ಮತ್ತು ಕ್ರೋಮ್ ಚರ್ಮದ ಹದಗಾರಿಕೆ, ಈ ಮೂರಕ್ಕೂ ತಳಹದಿ ಹಾಕಿದವರಲ್ಲಿ ಇವರ ಹೆಸರು ಮೊದಲಿಗೆ ಬರುತ್ತದೆ. 1912ರಿಂದ ಮೈಸೂರು ಸಂಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾಗಿ ದಿವಾನ್ ಎಂ. ವಿಶ್ವೇಶ್ವರಯ್ಯನವರ ಕಾಲದ ಉದ್ಯಮ ಯೋಜನೆಗಳಲ್ಲಿ ಪಾಲುಗೊಂಡರು. ಕೊಳೆಯುವುದು ಸಹಜಧರ್ಮವಾದ ತೊಗಲನ್ನು ರಾಸಾಯನಿಕವಾಗಿ ಮಾರ್ಪಡಿಸಿ, ಅದು ಕೊಳೆಯುವ ವೇಗವನ್ನು ಮನುಷ್ಯನ ಹಿಡಿತಕ್ಕೆ ತರುವ ವಿದ್ಯೆಯನ್ನು ಈ ನಾಡಿನ ರೈತನ ಬಾವಿಯವರೆಗೆ ಒಯ್ಯಲು ಯತ್ನಿಸಿದ್ದು ಇವರ ಜೀವನದ ಮುಖ್ಯ ಅಧ್ಯಾಯ. ಕನ್ನಡದಲ್ಲಿ ಇವರ ಪ್ರಸ್ತಾಪ ಹೆಚ್ಚಾಗಿ ಶ್ರೀಗಂಧದೆಣ್ಣೆ ಕಾರ್ಖಾನೆಯ ಸಂದರ್ಭದಲ್ಲಿ ಮಾತ್ರ ಬರುವುದರಿಂದ ಚರ್ಮದ ಕಥೆ ಮರೆಗೆ ಸರಿದಿದೆ.

ಶಿಕ್ಷಣ ಮತ್ತು ಮದರಾಸಿಗೆ ಆಗಮನ

ಚಾಟರ್ಟನ್ ಲಂಡನ್ನಿನ ಫಿನ್ಸ್‌ಬರಿ ತಾಂತ್ರಿಕ ಕಾಲೇಜಿನಲ್ಲಿಯೂ ಸೌತ್ ಕೆನ್ಸಿಂಗ್ಟನ್ನಿನ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿಯೂ ಓದಿದರು. 1888ರಲ್ಲಿ, ಇಪ್ಪತ್ತೆರಡರ ಆಸುಪಾಸಿನ ವಯಸ್ಸಿನಲ್ಲಿ, ಮದರಾಸಿನ ಎಂಜಿನಿಯರಿಂಗ್ ಕಾಲೇಜಿಗೆ ಪ್ರಾಧ್ಯಾಪಕರಾಗಿ ಬಂದರು. ಪಾಠ ಹೇಳುವುದರ ಜೊತೆಗೆ ಹಳ್ಳಿಗಳಲ್ಲಿ ಸುತ್ತಾಡಿ ಬಾವಿ, ಏತ, ಕಪಿಲೆ, ಮಗ್ಗ, ಕಂಚುಗಾರರ ಕುಲುಮೆ ಮುಂತಾದವನ್ನು ಕಂಡು, ಅಳೆದು, ಲೆಕ್ಕ ಬರೆದಿಡುವುದು ಇವರ ರೂಢಿಯಾಗಿತ್ತು. ಅಧಿಕಾರಿಯಾದ ಮೇಲೂ ಈ ಅಭ್ಯಾಸ ಹೋಗಲಿಲ್ಲ. ಇವರ ಬರಹಗಳಲ್ಲಿ ಸಿದ್ಧಾಂತಕ್ಕಿಂತ ಅಂಕಿಗಳೇ ಹೆಚ್ಚು ಕಾಣುವುದಕ್ಕೆ ಅದೇ ಕಾರಣ.

1890ರ ದಶಕದ ಕೊನೆಯಲ್ಲಿ ಮದರಾಸಿನ ಕಲಾಶಾಲೆಯ ಮೇಲ್ವಿಚಾರಣೆ ಇವರ ಪಾಲಿಗೆ ಬಂದಿತು. ಅಲ್ಲಿ 1898ರಲ್ಲಿ ಅಲ್ಯೂಮಿನಿಯಂ ಪಾತ್ರೆಗಳ ತಯಾರಿಕೆಯನ್ನು ಪ್ರಾರಂಭಿಸಿದರು. ತಾಮ್ರ ಹಿತ್ತಾಳೆಗಳನ್ನು ಬಡಿದು ರೂಪಿಸುತ್ತಿದ್ದ ಕುಶಲಕರ್ಮಿಗಳ ಕೈಗೆ ಹೊಸ ಲೋಹವನ್ನು ಕೊಟ್ಟ ಈ ಪ್ರಯೋಗ ಲಾಭ ತಂದಿತು. 1903ರಲ್ಲಿ ಅದನ್ನು ಇಂಡಿಯನ್ ಅಲ್ಯೂಮಿನಿಯಂ ಕಂಪನಿಗೆ ಮಾರಲಾಯಿತು. ಸರ್ಕಾರ ಮೊದಲು ಅಪಾಯವನ್ನು ತಾನು ಹೊತ್ತು ದಾರಿ ತೋರಿಸಬೇಕು, ಉದ್ಯಮ ನಿಂತ ಮೇಲೆ ಖಾಸಗಿಯವರಿಗೆ ಬಿಟ್ಟುಕೊಡಬೇಕು ಎಂಬ ಇವರ ನಿಲುವು ಇಲ್ಲಿಂದಲೇ ಗಟ್ಟಿಯಾಯಿತು. ಮುಂದಿನ ಪ್ರಯೋಗಕ್ಕೆ ಇವರು ಆರಿಸಿಕೊಂಡದ್ದು ಚರ್ಮ.

ಕಪಿಲೆಯ ಚೀಲ

ಆ ಕಾಲದ ಬಯಲುಸೀಮೆಯಲ್ಲಿ ಬಾವಿ ನೀರಾವರಿಯೆಂದರೆ ಕಪಿಲೆ. ಎರಡು ಎತ್ತುಗಳು ಇಳಿಜಾರಿನಲ್ಲಿ ಮುಂದಕ್ಕೆ ನಡೆದಂತೆ ಹಗ್ಗಕ್ಕೆ ಕಟ್ಟಿದ ತೊಗಲಿನ ದೊಡ್ಡ ಚೀಲ ಬಾವಿಯಿಂದ ಮೇಲೆ ಬಂದು, ಸೊಂಡಿಲಿನಂತಹ ಬಾಯಿಂದ ನೀರನ್ನು ಕಾಲುವೆಗೆ ಸುರಿಯುತ್ತಿತ್ತು. ತಮಿಳಿನಲ್ಲಿ ಇದಕ್ಕೆ ಕವಲೈ ಎಂದೂ ಮರಾಠಿಯಲ್ಲಿ ಮೋಟ್ ಎಂದೂ ಹೆಸರು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳು ಸೇರಿದ ಕಲಬುರಗಿ ಸೀಮೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಒಳಪಟ್ಟಿತ್ತು. ಆದ್ದರಿಂದ ಚಾಟರ್ಟನ್ನರ ಇಲಾಖೆಯ ಕೈ ಅಲ್ಲಿಯವರೆಗೆ ಚಾಚಲಿಲ್ಲ. ಆದರೆ ಅವರು ಮದರಾಸು ಪ್ರಾಂತದ ಹಳ್ಳಿಗಳಲ್ಲಿ ಕಂಡ ಕಷ್ಟ ಈ ಭಾಗದ ಬಾವಿಗಳ ಕಷ್ಟವೂ ಆಗಿತ್ತು. ಒಣಭೂಮಿಯ ಬೇಲಿಬದಿಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡ ಇಲ್ಲಿಯೂ ಬೆಳೆಯುತ್ತದೆ. ತೊಗಲಿನ ಕೂದಲು ಬಿಡಿಸಲು ಬೇಕಾದ ಸುಣ್ಣಕ್ಕೆ ಶಹಾಬಾದ್ ಕಲ್ಲಿನ ನಾಡಿನಲ್ಲಿ ಬರವೇ ಇಲ್ಲ; ಇಂದು ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದು ಅದೇ ಸುಣ್ಣಕಲ್ಲಿನ ಆಧಾರದ ಮೇಲೆ.

ಹಳ್ಳಿಯ ಚರ್ಮಕಾರರು ಹಸಿತೊಗಲನ್ನು ಸುಣ್ಣದ ಗುಂಡಿಯಲ್ಲಿ ನೆನೆಸಿ, ಕೂದಲು ಹೆರೆದು, ಮಾಂಸದ ಅಂಶವನ್ನು ಕೆತ್ತಿ ತೆಗೆದು, ಬಳಿಕ ತಂಗಡಿ ಚಕ್ಕೆಯ ಕಷಾಯದಲ್ಲಿ ವಾರಗಟ್ಟಲೆ ಇಡುತ್ತಿದ್ದರು. ಅಳಲೆಕಾಯಿಯ ರಸದಲ್ಲಿ ಮುಗಿತಾಯ ಮಾಡುವ ಪದ್ಧತಿಯೂ ಇತ್ತು. ಈ ಕಸುಬಿನವರ ಪರಂಪರೆ ಕಲಬುರಗಿ, ಬೀದರ್ ಸೀಮೆಗಳಲ್ಲಿ ಬಹಳ ಹಳೆಯದು. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರಾದ ಡೋಹರ ಕಕ್ಕಯ್ಯ ಮತ್ತು ಹರಳಯ್ಯ ಇದೇ ಕಾಯಕದ ಸಮುದಾಯಗಳಿಂದ ಬಂದವರು. ಕಾಯಕಕ್ಕೆ ಶರಣರು ಕೊಟ್ಟ ಗೌರವವನ್ನು ಮುಂದಿನ ಸಮಾಜ ಉಳಿಸಿಕೊಳ್ಳಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಊರಿನ ಬೆಳೆಗೆ ನೀರೆತ್ತುವ ಚೀಲವನ್ನು ಮಾಡಿಕೊಟ್ಟವರೇ ಊರಿನ ಬಾವಿಯಿಂದ ದೂರ ನಿಲ್ಲಬೇಕಾಗಿತ್ತು.

ಇಂತಹ ಚೀಲದ ದೋಷವೆಂದರೆ ಅದು ಬೇಗ ಹಾಳಾಗುತ್ತಿತ್ತು. ದಿನವಿಡೀ ನೀರಿನಲ್ಲಿ ಮುಳುಗೇಳುವ ಚರ್ಮದಿಂದ ತಂಗಡಿಯ ಒಗರು ಸ್ವಲ್ಪಸ್ವಲ್ಪವಾಗಿ ತೊಳೆದುಹೋಗುತ್ತದೆ. ಹಾಗೆ ಹೋದಷ್ಟೂ ಅದು ಮತ್ತೆ ಹಸಿತೊಗಲಿನ ಗುಣಕ್ಕೆ ಹತ್ತಿರವಾಗಿ ಕೊಳೆಯಲು ತೊಡಗುತ್ತದೆ. ಕೆಲಸವಿಲ್ಲದ ದಿನಗಳಲ್ಲಿ ಬಿಸಿಲಿಗೆ ಒಣಗಿದರೆ ಸೆಡೆತು ಬಿರಿಯುತ್ತದೆ. ಬೆಳೆ ನೀರು ಕೇಳುವ ಹೊತ್ತಿನಲ್ಲಿ ಚೀಲ ಹರಿದರೆ ರೈತ ಎತ್ತುಗಳನ್ನು ಕಟ್ಟಿಹಾಕಿ ಕೂರಬೇಕು. ನೀರೆತ್ತುವ ಸಾಧನಗಳ ಖರ್ಚನ್ನು ಲೆಕ್ಕಹಾಕುತ್ತಿದ್ದ ಚಾಟರ್ಟನ್ನರಿಗೆ, ಎತ್ತಿನ ಶ್ರಮದ ಜೊತೆಗೆ ಈ ಕೊಳೆಯುವಿಕೆಯೂ ಒಂದು ವೆಚ್ಚವೆಂಬುದು ಸ್ಪಷ್ಟವಾಯಿತು.

ಕ್ರೋಮ್ ಹದಗಾರಿಕೆಯ ಹಿನ್ನೆಲೆ

ಕ್ರೋಮಿಯಂ ಲವಣಗಳಿಂದ ಚರ್ಮ ಹದಗೊಳ್ಳುತ್ತದೆಂಬುದನ್ನು ಜರ್ಮನ್ ರಸಾಯನವಿಜ್ಞಾನಿ ಫ್ರೀಡ್ರಿಶ್ ಕ್ನಾಪ್ 1858ರಲ್ಲಿಯೇ ತೋರಿಸಿದ್ದರು. ಅದನ್ನು ಉದ್ಯಮವಾಗಿಸಿದ್ದು ನ್ಯೂಯಾರ್ಕಿನ ಆಗಸ್ಟಸ್ ಶುಲ್ಟ್ಸ್. ಸ್ತ್ರೀಯರ ಕಂಚುಕದ ಉಕ್ಕಿನ ಪಟ್ಟಿಗಳಿಗೆ ಹೊದಿಸಿದ ಪಟಿಕದ ಚರ್ಮದಿಂದ ಉಕ್ಕು ತುಕ್ಕು ಹಿಡಿಯುತ್ತದೆಂಬ ವ್ಯಾಪಾರಿಯೊಬ್ಬನ ದೂರಿನಿಂದ ಅವರ ಹುಡುಕಾಟ ಮೊದಲಾಯಿತೆಂದು ಹೇಳಲಾಗುತ್ತದೆ. 1884ರಲ್ಲಿ ಅವರು ಎರಡು ಹಂತದ ವಿಧಾನಕ್ಕೆ ಪೇಟೆಂಟ್ ಪಡೆದರು. ತೊಗಲಿಗೆ ಮೊದಲು ಬೈಕ್ರೋಮೇಟ್ ಮತ್ತು ಆಮ್ಲದ ದ್ರಾವಣವನ್ನು ಕುಡಿಸಿ, ಅನಂತರ ಹೈಪೋ ದ್ರಾವಣದಲ್ಲಿ ಅದನ್ನು ತೊಗಲಿನೊಳಗೇ ಹಸಿರು ಕ್ರೋಮಿಯಂ ಸಂಯುಕ್ತವಾಗಿ ಪರಿವರ್ತಿಸುವುದು ಇದರ ಕ್ರಮ. 1893ರಲ್ಲಿ ಮಾರ್ಟಿನ್ ಡೆನಿಸ್ ಒಂದೇ ದ್ರಾವಣದ ಸುಲಭ ವಿಧಾನವನ್ನು ತಂದರು. ತಿಂಗಳುಗಳ ಕೆಲಸ ದಿನಗಳಲ್ಲಿ ಮುಗಿಯುವಂತಾಯಿತು.

ಇದರ ಪೆಟ್ಟು ನೇರವಾಗಿ ಮದರಾಸಿಗೆ ತಗಲಿತು. ಅಲ್ಲಿಯವರೆಗೆ ಅಮೆರಿಕ ಮದರಾಸಿನಿಂದ ತಂಗಡಿಯಲ್ಲಿ ಹದಗೊಳಿಸಿದ ಆಡು ಕುರಿ ಚರ್ಮವನ್ನು ಕೊಳ್ಳುತ್ತಿತ್ತು. ಕ್ರೋಮ್ ವಿಧಾನ ಬಂದ ಮೇಲೆ ಅಲ್ಲಿನ ಕಾರ್ಖಾನೆಗಳಿಗೆ ಹಸಿ ಚರ್ಮವೇ ಬೇಕಾಯಿತು. ಕಚ್ಚಾ ಮಾಲು ಹಡಗು ಹತ್ತಿತು, ಹದಮಾಡುವ ಕೂಲಿ ಹೊರದೇಶಕ್ಕೆ ಹೋಯಿತು, ಮದರಾಸಿನ ಹದಗಾರಿಕೆ ಕುಗ್ಗತೊಡಗಿತು. ಚಾಟರ್ಟನ್ ಈ ಉದ್ಯಮವನ್ನು ಪರಿಶೀಲಿಸಿ ಮದರಾಸು ಪ್ರಾಂತದ ಚರ್ಮ ಹದಗಾರಿಕೆ ಮತ್ತು ಚರ್ಮದ ಕೆಲಸವನ್ನು ಕುರಿತ ಪ್ರಬಂಧವೊಂದನ್ನು 1904ರಲ್ಲಿ ಪ್ರಕಟಿಸಿದರು. ಅದಕ್ಕೆ ಹಿಂದಿನ ವರ್ಷವೇ ಸರ್ಕಾರದ ವೆಚ್ಚದಲ್ಲಿ ಕ್ರೋಮ್ ಹದಗಾರಿಕೆಯ ಪ್ರಯೋಗ ಆರಂಭವಾಗಿತ್ತು.

ಚರ್ಮದೊಳಗೆ ನಡೆಯುವುದೇನು

ಚರ್ಮದ ಮುಖ್ಯ ವಸ್ತು ಕೊಲಾಜೆನ್ ಎಂಬ ಪ್ರೋಟೀನು. ಅಮೈನೋ ಆಮ್ಲಗಳು ಸಾಲಾಗಿ ಕೂಡಿ ಉಂಟಾದ ಸ್ವಾಭಾವಿಕ ಪಾಲಿಮರ್ ಇದು. ಮೂರು ಸರಪಳಿಗಳು ಹಗ್ಗದ ಎಳೆಗಳಂತೆ ಹೊಸೆದುಕೊಂಡಿರುತ್ತವೆ. ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸಿನ್ ಎಂಬ ಅತಿಚಿಕ್ಕ ಅಮೈನೋ ಆಮ್ಲ ಇರುವುದರಿಂದ ಅಷ್ಟು ಬಿಗಿಯಾದ ಹೊಸೆತ ಸಾಧ್ಯವಾಗಿದೆ. ಪ್ರಾಣಿ ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಸ್ರವಿಸುವ ಕಿಣ್ವಗಳು ಈ ಸರಪಳಿಗಳನ್ನು ತುಂಡರಿಸುತ್ತವೆ. ತೊಗಲು ಕೊಳೆಯುವುದೆಂದರೆ ಇದೇ.

ತಂಗಡಿ ಚಕ್ಕೆಯ ಟ್ಯಾನಿನ್‌ಗಳು ಈ ಎಳೆಗಳ ನಡುವೆ ತುಂಬಿಕೊಂಡು ಮುಖ್ಯವಾಗಿ ಹೈಡ್ರೋಜನ್ ಬಂಧಗಳಿಂದ ಅಂಟಿಕೊಳ್ಳುತ್ತವೆ. ಅಂಟು ಸಡಿಲವಾದುದರಿಂದ ನೀರು ಅದನ್ನು ನಿಧಾನವಾಗಿ ಬಿಡಿಸಬಲ್ಲದು. ಕ್ರೋಮಿಯಂ ಮಾಡುವ ಕೆಲಸ ಬೇರೆ. ಸರಪಳಿಯ ಪಕ್ಕದಲ್ಲಿ ಚಾಚಿಕೊಂಡಿರುವ ಆಮ್ಲಗುಂಪುಗಳನ್ನು ಅದು ಹಿಡಿದುಕೊಂಡು, ಒಂದು ಸರಪಳಿಗೂ ಇನ್ನೊಂದಕ್ಕೂ ಸೇತುವೆಯಂತೆ ಅಡ್ಡಕೊಂಡಿಗಳನ್ನು ಹಾಕುತ್ತದೆ. ಹೊಲಿಗೆ ಹಾಕಿದ ಬಟ್ಟೆಯ ಎಳೆಗಳು ಸುಲಭವಾಗಿ ಬಿಚ್ಚಿಕೊಳ್ಳದಂತೆ ಈ ಎಳೆಗಳನ್ನೂ ಕಿಣ್ವ ಬಿಡಿಸಲಾರದು. ಹಸಿತೊಗಲು ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿಯೇ ಮುದುಡಿಹೋಗುತ್ತದೆ. ಚಕ್ಕೆಯಲ್ಲಿ ಹದಗೊಂಡದ್ದು ಸಾಮಾನ್ಯವಾಗಿ 70ರಿಂದ 85 ಡಿಗ್ರಿಯವರೆಗೆ ತಾಳುತ್ತದೆ. ಚೆನ್ನಾಗಿ ಹದಗೊಂಡ ಕ್ರೋಮ್ ಚರ್ಮವಾದರೋ ಕುದಿಯುವ ನೀರನ್ನೇ ತಡೆಯುತ್ತದೆ. ಹದ ಸರಿಯಾಗಿದೆಯೇ ಎಂದು ತಿಳಿಯಲು ಚರ್ಮದ ಚೂರೊಂದನ್ನು ಕುದಿನೀರಿನಲ್ಲಿ ಹಾಕಿ ನೋಡುವ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ.

ಎಷ್ಟು ಅಡ್ಡಕೊಂಡಿ ಹಾಕಿದರೆ ಎಷ್ಟು ಕಾಲ ಬಾಳಿಕೆ ಎಂಬ ಈ ಲೆಕ್ಕ ವೈದ್ಯಶಾಸ್ತ್ರಕ್ಕೂ ಗೊತ್ತಿತ್ತು. ಶಸ್ತ್ರಚಿಕಿತ್ಸಕ ಜೋಸೆಫ್ ಲಿಸ್ಟರ್ 1880ರ ಸುಮಾರಿಗೆ, ಕುರಿಯ ಕರುಳಿನಿಂದ ಮಾಡಿದ ಹೊಲಿಗೆದಾರವನ್ನು ಕ್ರೋಮಿಕ್ ಆಮ್ಲದಿಂದ ಸಂಸ್ಕರಿಸಿದರೆ ದೇಹದೊಳಗೆ ಅದು ಕರಗುವುದು ನಿಧಾನವಾಗುತ್ತದೆಂದು ತೋರಿಸಿದ್ದರು. ಗಾಯ ಮಾಯುವವರೆಗೆ ದಾರ ಉಳಿಯಬೇಕು, ಅನಂತರ ಕರಗಿಹೋಗಬೇಕು. ಜೈವಿಕ ವಿಘಟನೆಯನ್ನು ಪೂರ್ತಿ ತಡೆಯುವುದು ಲಿಸ್ಟರರ ಉದ್ದೇಶವಾಗಿರಲಿಲ್ಲ, ಅದರ ಸಮಯವನ್ನು ಗೊತ್ತುಪಡಿಸುವುದಾಗಿತ್ತು. ಕಪಿಲೆಯ ಚೀಲದಲ್ಲಿ ಅಂತಹ ನಾಜೂಕು ಬೇಕಿರಲಿಲ್ಲ. ಅದು ಎಷ್ಟು ಹೆಚ್ಚು ಕಾಲ ಬಾಳಿದರೆ ರೈತನಿಗೆ ಅಷ್ಟು ಲಾಭ.

ಚಾಟರ್ಟನ್ ಪ್ರಯೋಗ ನಡೆಸುತ್ತಿದ್ದಾಗ ಪಾಲಿಮರ್ ಎಂಬ ಕಲ್ಪನೆಯೇ ಸ್ಪಷ್ಟವಾಗಿರಲಿಲ್ಲ ಎಂಬುದು ಸ್ವಾರಸ್ಯದ ವಿಷಯ. ಹರ್ಮನ್ ಸ್ಟೌಡಿಂಗರ್ ಬೃಹದಣುಗಳ ವಾದವನ್ನು ಮುಂದಿಟ್ಟದ್ದು 1920ರಲ್ಲಿ. ಕೊಲಾಜೆನ್ನಿನ ಮೂರೆಳೆಯ ರಚನೆಯನ್ನು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ 1950ರ ದಶಕದ ನಡುವಿನಲ್ಲಿ ಕಂಡುಹಿಡಿದರು. ಆ ಕೆಲಸ ನಡೆದದ್ದೂ ಮದರಾಸಿನಲ್ಲಿಯೇ. ಅದಕ್ಕೆ ಬೇಕಾದ ಕೊಲಾಜೆನ್ ದೊರೆತದ್ದು ಅಲ್ಲಿನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದ ರಾಮಚಂದ್ರನ್ ಮುಂದೆ ಅದೇ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಮರಳಿದರು.

ಸರ್ಕಾರಿ ಕಾರ್ಖಾನೆ ಮತ್ತು ವಿರೋಧ

ಮದರಾಸಿನ ಪ್ರಯೋಗ ಸುಲಭವಾಗಿ ನಡೆಯಲಿಲ್ಲ. ಬೈಕ್ರೋಮೇಟನ್ನು ಹೊರದೇಶದಿಂದ ತರಿಸಬೇಕಾಗಿತ್ತು. ಕ್ರೋಮ್ ಹದ ರಸಾಯನಶಾಸ್ತ್ರದ ಕಟ್ಟುನಿಟ್ಟನ್ನು ಬಯಸುತ್ತದೆ; ತಂಗಡಿಯ ಕಷಾಯ ಕ್ಷಮಿಸುವ ತಪ್ಪನ್ನು ಇದು ಕ್ಷಮಿಸುವುದಿಲ್ಲ. ಹದವಾದ ಚರ್ಮ ನೀಲಿಹಸಿರು ಬಣ್ಣದ್ದಾಗಿ ಕಾಣುತ್ತಿದ್ದುದರಿಂದ, ಕಂದು ಚರ್ಮವನ್ನೇ ಕಂಡವರಿಗೆ ಅದರ ಮೇಲೆ ನಂಬಿಕೆ ಬರುವುದೂ ಕಷ್ಟವಾಗಿತ್ತು. ಮೆಟ್ಟಿನ ಅಟ್ಟೆಗೆ ಬಳಸಿದಾಗ ಒದ್ದೆ ನೆಲದಲ್ಲಿ ಜಾರುವ ದೋಷವೂ ಇತ್ತು. ಆದರೆ ನೀರೆತ್ತುವ ಚೀಲವಾಗಿ ಅದು ಗೆದ್ದಿತು. ಒಗರು ತೊಳೆದುಹೋಗುವ ಪ್ರಶ್ನೆಯೇ ಇಲ್ಲದ್ದರಿಂದ ಹಳೆಯ ಚೀಲಕ್ಕಿಂತ ಹೆಚ್ಚು ಕಾಲ ಬಾಳಿತು. ಚಪ್ಪಲಿ, ಬೂಟುಗಳ ಮೇಲ್ಭಾಗಕ್ಕೂ ಬೇಡಿಕೆ ಬಂದಿತು.

ಉದ್ಯಮ ನಿಲ್ಲುತ್ತಿದ್ದಂತೆ ವಿರೋಧವೂ ಎದ್ದಿತು. ಸರ್ಕಾರ ವ್ಯಾಪಾರಕ್ಕೆ ಇಳಿಯಬಾರದೆಂದು ಮದರಾಸಿನ ಯುರೋಪಿಯನ್ ವಾಣಿಜ್ಯ ವಲಯ ಆಕ್ಷೇಪಿಸಿತು. 1908ರ ಉದಕಮಂಡಲದ ಕೈಗಾರಿಕಾ ಸಮ್ಮೇಳನ ಚಾಟರ್ಟನ್ನರ ನೀತಿಯನ್ನು ಬೆಂಬಲಿಸಿತ್ತು. ಆದರೆ 1910ರಲ್ಲಿ ಭಾರತ ಮಂತ್ರಿಯಾಗಿದ್ದ ಲಾರ್ಡ್ ಮಾರ್ಲೆ, ಸರ್ಕಾರ ಕೈಗಾರಿಕಾ ಶಿಕ್ಷಣಕ್ಕೆ ಹಣ ಕೊಡಬಹುದೇ ಹೊರತು ಕಾರ್ಖಾನೆ ನಡೆಸಬಾರದೆಂಬ ಅರ್ಥದ ಆಜ್ಞೆಯನ್ನು ಕಳುಹಿಸಿದರು. ಕ್ರೋಮ್ ಕಾರ್ಖಾನೆಯನ್ನು ಮಧ್ಯಭಾರತದ ರೇವಾ ಸಂಸ್ಥಾನಕ್ಕೆ ಮಾರಲಾಯಿತು. ಸ್ವಲ್ಪ ಕಾಲದಲ್ಲಿಯೇ ಮದರಾಸಿನ ಹೊರವಲಯದ ಪಲ್ಲಾವರದಲ್ಲಿ ಚೇಂಬರ್ಸ್ ಎಂಬ ಉದ್ಯಮಿಯ ಕ್ರೋಮ್ ಲೆದರ್ ಕಂಪನಿ ತಲೆಯೆತ್ತಿತು. ಇಂದು ಚೆನ್ನೈನ ದೊಡ್ಡ ಬಡಾವಣೆಯಾಗಿರುವ ಕ್ರೋಮ್‌ಪೇಟೆಗೆ ಹೆಸರು ಬಂದದ್ದು ಆ ಕಂಪನಿಯಿಂದ. ದಿನವೂ ಅಲ್ಲಿ ರೈಲು ಇಳಿಯುವವರಲ್ಲಿ ಆ ಹೆಸರಿನ ಮೂಲ ಬಲ್ಲವರು ಕಡಿಮೆ.

ಚಾಟರ್ಟನ್ನರ ನೀತಿಯನ್ನು ವಿಮರ್ಶಿಸುವಾಗ ಒಂದು ಅಂಶವನ್ನು ಬಿಡುವಂತಿಲ್ಲ. ಹದಗಾರಿಕೆಯ ಕೂಲಿ ದೇಶದಲ್ಲಿಯೇ ಉಳಿಯಬೇಕೆಂಬುದು ಅವರ ಆಶಯವಾಗಿದ್ದರೂ ಕ್ರೋಮ್ ವಿಧಾನಕ್ಕೆ ಯಂತ್ರ, ರಾಸಾಯನಿಕ, ಬಂಡವಾಳಗಳು ಬೇಕಾಗಿದ್ದವು. ಗುಂಡಿ ತೋಡಿ, ಗಿಡದ ಚಕ್ಕೆ ಕಿತ್ತು ಹದಮಾಡುತ್ತಿದ್ದ ಹಳ್ಳಿಯ ಚರ್ಮಕಾರನಿಗೆ ಅದು ಎಟಕುವಂತಿರಲಿಲ್ಲ. ಹೊಸ ವಿದ್ಯೆಯಲ್ಲಿ ಆತನಿಗೆ ದೊರೆತದ್ದು ಕಾರ್ಖಾನೆಯ ಕೂಲಿಯ ಸ್ಥಾನ ಮಾತ್ರ.

ಮೈಸೂರಿನಲ್ಲಿ

ಮದರಾಸಿನಲ್ಲಿ ಕೈಕಟ್ಟಿದಂತಾದ ಮೇಲೆ 1912ರಲ್ಲಿ ಚಾಟರ್ಟನ್ನರ ಸೇವೆಯನ್ನು ಮೈಸೂರು ಸಂಸ್ಥಾನಕ್ಕೆ ಎರವಲು ಕೊಡಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ವಿಶ್ವೇಶ್ವರಯ್ಯನವರು ದಿವಾನರಾದರು. ಮಾರ್ಲೆಯ ಆಜ್ಞೆಗೆ ಒಳಪಡದ ದೇಶೀಯ ಸಂಸ್ಥಾನದಲ್ಲಿ, ಸರ್ಕಾರವೇ ಮುಂದೆ ನಿಂತು ಉದ್ಯಮ ಕಟ್ಟಬೇಕೆಂಬ ನಂಬಿಕೆಯುಳ್ಳ ಇಬ್ಬರು ಎಂಜಿನಿಯರುಗಳು ಸೇರಿದಂತಾಯಿತು. 1914ರ ಯುದ್ಧದಿಂದ ಜರ್ಮನಿಗೆ ಹೋಗುತ್ತಿದ್ದ ಗಂಧದ ಮರದ ವ್ಯಾಪಾರ ನಿಂತಾಗ, ಎಣ್ಣೆಯನ್ನು ಇಲ್ಲಿಯೇ ತೆಗೆಯುವ ಪ್ರಯೋಗವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ನಡೆಸಿಕೊಟ್ಟರು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. ಸಾಬೂನಿನ ಕಾರ್ಖಾನೆಯೊಂದಿಗೆ ಕ್ರೋಮ್ ಹದಗಾರಿಕೆಯೂ ಈ ಕಾಲದ ಉದ್ಯಮಗಳ ಪಟ್ಟಿಯಲ್ಲಿ ಸೇರಿದೆ. ಮೈಸೂರು, ಹಾಸನ ಜಿಲ್ಲೆಗಳ ನೆಲದಲ್ಲಿ ಕ್ರೋಮೈಟ್ ಅದಿರು ಇದ್ದದ್ದು ಸಂಸ್ಥಾನಕ್ಕೆ ಒದಗಿದ ಅನುಕೂಲ. ಗಂಧ ಮತ್ತು ಸಾಬೂನು ಮೈಸೂರಿನ ಹೆಸರನ್ನು ಲೋಕಕ್ಕೆ ಸಾರಿದವು. ಚರ್ಮಕ್ಕೆ ಆ ಭಾಗ್ಯ ದೊರೆಯಲಿಲ್ಲ.

1916ರಿಂದ 1918ರವರೆಗೆ ಸರ್ ಥಾಮಸ್ ಹಾಲೆಂಡ್ ಅಧ್ಯಕ್ಷತೆಯ ಭಾರತೀಯ ಕೈಗಾರಿಕಾ ಆಯೋಗದಲ್ಲಿ ಚಾಟರ್ಟನ್ ಸದಸ್ಯರಾಗಿದ್ದರು. ಮದನಮೋಹನ ಮಾಳವೀಯ, ದೊರಾಬ್ಜಿ ಟಾಟಾ, ರಾಜೇಂದ್ರನಾಥ ಮುಖರ್ಜಿ ಅವರೂ ಅದರಲ್ಲಿದ್ದರು. ಮಾಳವೀಯರು ದೀರ್ಘವಾದ ಭಿನ್ನ ಟಿಪ್ಪಣಿ ಬರೆದರು. ಆದರೂ ಸರ್ಕಾರ ಕೈಗಾರಿಕೆಯ ಬೆಳವಣಿಗೆಯಲ್ಲಿ ನೇರವಾಗಿ ತೊಡಗಬೇಕೆಂದು ಆಯೋಗ ಶಿಫಾರಸು ಮಾಡಿತು. ಎಂಟು ವರ್ಷಗಳ ಹಿಂದೆ ತಿರಸ್ಕೃತವಾಗಿದ್ದ ಚಾಟರ್ಟನ್ನರ ವಾದಕ್ಕೆ ಇದು ಅಧಿಕೃತ ಮನ್ನಣೆಯಾಯಿತು.

ಬರಹಗಳು

ಚರ್ಮದ ಪ್ರಬಂಧವಲ್ಲದೆ, ಭಾರತದ ಕೃಷಿ ಮತ್ತು ಕೈಗಾರಿಕಾ ಸಮಸ್ಯೆಗಳನ್ನು ಕುರಿತ ಗ್ರಂಥ, ಏತ ನೀರಾವರಿಯನ್ನು ಕುರಿತ ಗ್ರಂಥ ಮತ್ತು ಭಾರತದ ಕೈಗಾರಿಕಾ ವಿಕಾಸವನ್ನು ಕುರಿತು 1912ರಲ್ಲಿ ಬಂದ ಗ್ರಂಥ ಇವರ ಮುಖ್ಯ ಕೃತಿಗಳು. ಬಾವಿ ನೀರಾವರಿಯ ಇತಿಹಾಸವನ್ನು ಅಭ್ಯಸಿಸುವವರಿಗೆ ಎರಡನೆಯದು ಇಂದಿಗೂ ಉಪಯುಕ್ತ.

ಅನಂತರದ ಬೆಳವಣಿಗೆ

ಕಪಿಲೆಯ ಚೀಲವನ್ನು ಬಾಳಿಕೆಗೆ ತಂದ ಚಾಟರ್ಟನ್ನರೇ ಬಾವಿಗಳಿಗೆ ಎಣ್ಣೆ ಎಂಜಿನ್ನಿನ ಪಂಪುಗಳನ್ನೂ ಪರಿಚಯಿಸಿದರು. ಕಾಲಕ್ರಮದಲ್ಲಿ ಡೀಸೆಲ್ ಮತ್ತು ವಿದ್ಯುತ್ ಪಂಪುಗಳು ಹಳ್ಳಿಹಳ್ಳಿಗೆ ಬಂದು ಕಪಿಲೆಯೇ ಇಲ್ಲವಾಯಿತು. ಸೇಡಂ, ಚಿಂಚೋಳಿಗಳ ಹಳೆಯ ಬಾವಿಗಳ ಬದಿಯಲ್ಲಿ ಎತ್ತು ಇಳಿಯುತ್ತಿದ್ದ ಇಳಿಜಾರು ಯಾವ ಕೆಲಸಕ್ಕಿತ್ತೆಂದು ಇಂದಿನ ಮಕ್ಕಳಿಗೆ ವಿವರಿಸಿ ಹೇಳಬೇಕಾಗಿದೆ. ಹೀಗೆ ಒಬ್ಬನೇ ವ್ಯಕ್ತಿ ಒಂದು ವಸ್ತುವಿನ ಆಯುಸ್ಸನ್ನು ಹೆಚ್ಚಿಸಿ, ಅದರ ಅಗತ್ಯವನ್ನೂ ಕೊನೆಗಾಣಿಸಲು ಕಾರಣನಾದ.

ಕ್ರೋಮ್ ಹದ ಮಾತ್ರ ಉಳಿಯಿತು. ಇಂದು ಜಗತ್ತಿನಲ್ಲಿ ತಯಾರಾಗುವ ಚರ್ಮದ ಬಹುಪಾಲು ಕ್ರೋಮ್ ಚರ್ಮವೇ. ಆದರೆ ಕೊಳೆಯದಿರುವ ಗುಣವೇ ಈಗ ತೊಡಕಾಗಿದೆ. ಕಾರ್ಖಾನೆಯಲ್ಲಿ ಕತ್ತರಿಸಿ ಬಿಸಾಡಿದ ಕ್ರೋಮ್ ಚರ್ಮದ ಚೂರುಗಳು ಹಸಿತೊಗಲಿನಂತೆ ಬೇಗ ಮಣ್ಣಾಗುವುದಿಲ್ಲ. ಚರ್ಮ ಹೀರಿಕೊಳ್ಳದೆ ಉಳಿದ ಕ್ರೋಮಿಯಂ ತ್ಯಾಜ್ಯನೀರಿನಲ್ಲಿ ಹೋಗುತ್ತದೆ. ಚರ್ಮದಲ್ಲಿರುವ ಮೂರು ವೇಲೆನ್ಸಿಯ ಕ್ರೋಮಿಯಂ ಹೆಚ್ಚು ಅಪಾಯಕಾರಿಯಲ್ಲ; ಆರು ವೇಲೆನ್ಸಿಯದು ಕ್ಯಾನ್ಸರಿಗೆ ಕಾರಣವಾಗಬಲ್ಲ ವಿಷ. ತಮಿಳುನಾಡಿನ ಪಾಲಾರ್ ನದಿಯ ಕಣಿವೆಯಲ್ಲಿ ಹದಗಾರಿಕೆಯ ತ್ಯಾಜ್ಯದಿಂದ ಬಾವಿಗಳ ನೀರು ಕೆಟ್ಟಿತು. ಈ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 1996ರಲ್ಲಿ ಮಹತ್ವದ ತೀರ್ಪು ಬಂದಿತು. ಬಾವಿಯ ನೀರನ್ನು ಎತ್ತಲು ಬಂದ ವಿದ್ಯೆಯಿಂದ ಬಾವಿಯ ನೀರೇ ಕುಡಿಯಲು ಬಾರದಂತಾದದ್ದು ಚಾಟರ್ಟನ್ ಊಹಿಸಿದ್ದ ಫಲವಲ್ಲ.

ಹೀಗಾಗಿ ಸಂಶೋಧಕರ ಪ್ರಶ್ನೆ ಈಗ ಬದಲಾಗಿದೆ. ಬಳಕೆಯಲ್ಲಿರುವಷ್ಟು ಕಾಲ ಗಟ್ಟಿಯಾಗಿದ್ದು, ಬಿಸಾಡಿದ ಮೇಲೆ ಮಣ್ಣಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗುವ ಚರ್ಮವನ್ನು ಮಾಡುವುದು ಹೇಗೆ ಎಂದು ಹುಡುಕಲಾಗುತ್ತಿದೆ. ಸಸ್ಯಜನ್ಯ ಟ್ಯಾನಿನ್‌ಗಳನ್ನು ಬೇರೆ ಸಂಯುಕ್ತಗಳೊಡನೆ ಕೂಡಿಸುವ ವಿಧಾನಗಳ ಅಧ್ಯಯನ ನಡೆದಿದ್ದು, ತಂಗಡಿ ಚಕ್ಕೆಯಂತಹ ಹಳೆಯ ಸಾಮಗ್ರಿಗಳೂ ಪ್ರಯೋಗಾಲಯಕ್ಕೆ ಮರಳಿವೆ.

ನಿಧನ

ಬ್ರಿಟಿಷ್ ಸರ್ಕಾರದಿಂದ ಸರ್ ಪದವಿ ಪಡೆದಿದ್ದ ಚಾಟರ್ಟನ್ 1958ರಲ್ಲಿ ತೊಂಬತ್ತು ದಾಟಿದ ವಯಸ್ಸಿನಲ್ಲಿ ನಿಧನರಾದರು. ಮದರಾಸಿನಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಸ್ಥಾಪನೆಯಾಗಿ ಅಷ್ಟರಲ್ಲಿ ಹತ್ತು ವರ್ಷಗಳಾಗಿದ್ದವು.